ಎತ್ತಿಕೊಂಡವಳು

ಸುಟ್ಟ ಉಣ್ಣೆಯ ವಾಸನೆ ಕೈಗೆ ಅಂಟಿಕೊಂಡಿಲ್ಲ ಎಂದು ಚೂಟಿಗೆ ಗೊತ್ತಿತ್ತು. ನಿನ್ನೆ ಸಂಜೆ ಒಂದು ಸಲ, ಮಲಗುವ ಮೊದಲು ಒಂದು ಸಲ, ಈಗ ಎದ್ದ ಮೇಲೆ ಎರಡು ಸಲ ಸೋಪು ಹಾಕಿ ಉಜ್ಜಿದ್ದಾಗಿತ್ತು. ಆದರೂ ಅಮ್ಮ ಬಾಗಿಲಲ್ಲಿ ಬುತ್ತಿ ಡಬ್ಬಿ ಕೊಡುವಾಗ ಚೂಟಿ ಅದನ್ನು ಬೆರಳ ತುದಿಯಲ್ಲಷ್ಟೇ ಹಿಡಿದುಕೊಂಡಳು. "ಏನೇ, ಕೈಗೇನಾಯ್ತು?" ಅಂದಳು ಅಮ್ಮ. "ಏನಿಲ್ಲಮ್ಮ." "ಇವತ್ತು ನಿಮ್ಮತ್ತೆ ಕಿಟಕಿ ಕುರ್ಚಿ ಯಾರಿಗೆ ಅಂತ ಹೇಳ್ತಾಳಂತಲ್ಲ, ನಿಂಗೇ ಬಿಡು. ಎಷ್ಟಾದ್ರೂ ರಕ್ತಸಂಬಂಧ. ಆ ರೆಕ್ಕೆಯವಳಿಗೆ ಕೊಡೋಕಾಗತ್ತಾ?" ಅಮ್ಮ ಹಾಗೆಂದು ಅವಳ ಕೆನ್ನೆ ತಟ್ಟಿದಳು. ಚೂಟಿಗೆ ಆ ಕೈಯನ್ನು ತಳ್ಳಿಬಿಡಬೇಕು ಅನ್ನಿಸಿತು, ತಳ್ಳಲಿಲ್ಲ. ನಕ್ಕಳು ಕೂಡ.

ರಕ್ತಸಂಬಂಧ ಎಂಬ ಮಾತು ಬೀದಿಯುದ್ದಕ್ಕೂ ಅವಳ ಬೆನ್ನು ಬಿಡಲಿಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ, ರಫೂ ಅಂಗಡಿಯ ಯಜಮಾನಿ. ಇಲಿ ಕಡಿದ, ನುಸಿ ತಿಂದ, ಮೊಳೆಗೆ ಸಿಕ್ಕಿ ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೆಂಬಂತೆ ಮಾಡಿಕೊಡುವುದು ಅಲ್ಲಿನ ಕೆಲಸ. ತೇಪೆ ಹಾಕುವವರು ಬೇರೆ, ಅವರ ವಿಷಯ ಎತ್ತಿದರೆ ಅತ್ತೆ ಮೂಗು ಮುರಿಯುತ್ತಾಳೆ. ರಫೂ ಎಂದರೆ ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಬಿಡಿಸಿಕೊಂಡು, ಹಾಸಿನ ಎಳೆ ಮೊದಲು, ಹೊಕ್ಕಿನ ಎಳೆ ಆಮೇಲೆ, ಒಂದೊಂದಾಗಿ ಸೂಜಿಯಲ್ಲೇ ನೇಯ್ದು ತೂತು ಮುಚ್ಚುವುದು. ಮುಗಿದ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡು ಬಟ್ಟೆಯ ಮೇಲೆ ಬೆರಳಾಡಿಸುತ್ತಾಳೆ. ಬೆರಳು ಎಲ್ಲೂ ನಿಲ್ಲದಿದ್ದರೆ ಕೆಲಸ ಪಾಸು. ಚೂಟಿಯ ಕೆಲಸದಲ್ಲಿ ಬೆರಳು ಒಮ್ಮೊಮ್ಮೆ ನಿಲ್ಲುತ್ತಿತ್ತು. ಜೊತೆಗೆ ಕಲಿಯುವ ಹುಡುಗಿ ಹಿತ್ತಾಳೆಯ ಕೆಲಸದಲ್ಲಿ ಈ ಎರಡು ವರ್ಷಗಳಲ್ಲಿ ಒಂದು ಸಲವೂ ನಿಂತಿರಲಿಲ್ಲ. ಅಂಗಡಿಯಲ್ಲಿ ಚೆನ್ನಾಗಿ ಬೆಳಕು ಬೀಳುವ ಕಿಟಕಿ ಒಂದೇ, ಅದರ ಕೆಳಗೆ ಕುರ್ಚಿಯೂ ಒಂದೇ. ಅಲ್ಲಿ ಕೂತವರು ಅತ್ತೆಯ ನಂತರದವರು. ಕೂರದವರು ಬೇರೆಲ್ಲಾದರೂ ಕೆಲಸ ನೋಡಿಕೊಳ್ಳಬೇಕು.

ಹಿತ್ತಾಳೆ ಎನ್ನುವುದು ಅವಳ ಹೆಸರಲ್ಲ. ಅವಳು ಹೊಳೆಯಾಚೆಯ ಕಿನ್ನರರ ಹುಡುಗಿ. ಕಿನ್ನರರು ಈ ಊರಿಗೆ ಅಂಥ ಸೋಜಿಗವೇನಲ್ಲ. ಕೆಲವರು ಈಚೆ ಬಂದು ಕೋಣೆ ಬಾಡಿಗೆ ಹಿಡಿದು ಕೆಲಸ ಕಲಿಯುತ್ತಾರೆ, ಬಸ್ಸಿನಲ್ಲಿ ರೆಕ್ಕೆ ಯಾರಿಗೂ ತಗುಲದಂತೆ ಮೂಲೆಯಲ್ಲಿ ನಿಲ್ಲುತ್ತಾರೆ. ಹೊಳೆಯ ಸೆಳೆತಕ್ಕೆ ದೋಣಿ ನಿಲ್ಲುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಗಾಳಿ ಆಚೆಗೆ ತಿರುಗುವ ದಿನ ಹಾರಿ ಮನೆಗೆ ಹೋಗುತ್ತಾರೆ, ಹನ್ನೆರಡು ದಿನದ ಮೇಲೆ ಗಾಳಿ ಈಚೆಗೆ ತಿರುಗಿದಾಗ ಬರುತ್ತಾರೆ. ಕಬ್ಬಿಣ ಮುಟ್ಟಿದರೆ ಅವರ ಚರ್ಮ ಬೊಬ್ಬೆ ಏಳುತ್ತದೆ. ಅದಕ್ಕೇ ಇವಳು ಬರುವಾಗ ಹಿತ್ತಾಳೆಯ ಸೂಜಿಗಳನ್ನು ತಂದಿದ್ದಳು. ಮೊದಲ ದಿನ ಅತ್ತೆ ಆ ಸೂಜಿಯ ನುಣುಪನ್ನು ಹೊಗಳಿದ್ದೇ ತಡ, ಚೂಟಿ ಗಿರಾಕಿಗಳೆಲ್ಲರಿಗೂ ಕೇಳುವಂತೆ, "ನಾನು ಚಿನ್ನ ಅಂದ್ಕೊಂಡೆ, ನೋಡಿದ್ರೆ ಬರೀ ಹಿತ್ತಾಳೆ" ಅಂದಿದ್ದಳು. ಎಲ್ಲರೂ ನಕ್ಕರು. ಹೆಸರು ನಿಂತಿತು. ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಈಗ ಚೂಟಿ ಅದನ್ನು ಪ್ರೀತಿಯಿಂದ ಕರೆಯುವಾಗಲೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ನಿನ್ನೆ ಸುಟ್ಟದ್ದು ಗಿರಾಕಿ ನರ್ಸಮ್ಮನ ಬೂದು ಶಾಲು. ಅವರ ತಾಯಿಯದಂತೆ. ಅಂಗೈಯಗಲ ನುಸಿ ತಿಂದಿದ್ದನ್ನು ಹಿತ್ತಾಳೆ ಒಂಬತ್ತು ದಿನ ಕೂತು ತುಂಬಿಸಿದ್ದಳು. ಇಸ್ತ್ರಿ ಯಾವಾಗಲೂ ಚೂಟಿಯ ಪಾಲಿಗೆ, ಇನ್ನೊಬ್ಬಳು ಆ ಪೆಟ್ಟಿಗೆಯ ಹತ್ತಿರವೂ ಸುಳಿಯುವಂತಿಲ್ಲವಲ್ಲ. ಪೆಟ್ಟಿಗೆ ಹಿಡಿಯುವ ಮೊದಲು ಚೂಟಿ ಅತ್ತೆಯಂತೆಯೇ ಕಣ್ಣು ಮುಚ್ಚಿ ಬೆರಳಾಡಿಸಿದಳು. ಎಲ್ಲಿಯೂ ನಿಲ್ಲಲಿಲ್ಲ. ಇನ್ನೊಮ್ಮೆ ಆಡಿಸಿದಳು. ತೂತು ಎಲ್ಲಿತ್ತೆಂಬುದೇ ಸಿಗಲಿಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟಳು, ಎಳೆದಳು, ಒಂದು ಕಡೆ ಹಾಗೇ ಒತ್ತಿಕೊಂಡು ನಿಂತಳು. ಮರೆತು ನಿಂತಳೋ, ನಿಂತು ಮರೆತಳೋ, ರಾತ್ರಿಯೆಲ್ಲ ಯೋಚಿಸಿದರೂ ಅವಳಿಗೆ ತೀರ್ಮಾನವಾಗಿರಲಿಲ್ಲ. ಆಗಿತ್ತು, ಅದನ್ನು ಒಪ್ಪಿಕೊಂಡಿರಲಿಲ್ಲ, ಅಷ್ಟೆ. ವಾಸನೆಗೆ ಅತ್ತೆ ಒಳಗಿನಿಂದ ಬಂದಳು. ಕಂದು ಗುರುತು, ಪೆಟ್ಟಿಗೆಯ ಮೂತಿಯ ಆಕಾರದ್ದು. "ಯಾರು?" ಅಂದಳು. ಚೂಟಿ ಪಕ್ಕದ ಬಟ್ಟೆಗಳನ್ನು ಮಡಚತೊಡಗಿದಳು. ಆಗ ಹಿತ್ತಾಳೆ ಸೂಜಿಯನ್ನು ಕೆಳಗಿಟ್ಟು, "ನಂದು" ಅಂದಳು. ಅತ್ತೆ ಇಬ್ಬರನ್ನೂ ನೋಡಿದಳು, ಶಾಲನ್ನು ಮಡಚಿದಳು, ಒಳಗೆ ಹೋದಳು. ಚೂಟಿಗೆ ಮೊದಲು ಅನ್ನಿಸಿದ್ದು ಬಚಾವಾದೆ ಎಂದು. ಅದೇ ಮೊದಲು. ಹಿತ್ತಾಳೆ ಕೈ ತೊಳೆದುಕೊಂಡು ಬಂದು, ಮಧ್ಯಾಹ್ನ ಉಳಿಸಿದ್ದ ತುತ್ತನ್ನು ಹಸಿದವಳಂತೆ ತಿಂದಳು.

ಅವಳೇಕೆ ಹಾಗೆ ತಿನ್ನುತ್ತಾಳೆಂದು ಚೂಟಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು. ಮನೆ ಮನೆಗೆ ನೂಲು ಮಾರುವ ಕಿನ್ನರ ಮುದುಕನೊಬ್ಬ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಹಿತ್ತಾಳೆ ಒಳಗಿದ್ದ ಸಮಯ ನೋಡಿ ಕೇಳಿದ್ದ. "ತಪ್ಪು ಮಾಡಿ ನೆಲದ ಮೇಲೆ ಬಿಟ್ಟು ಹೋಗೋರು ಯಾರಮ್ಮ ನಿಮ್ಮಂಗಡೀಲಿ? ನಮ್ಮ ಹುಡುಗಿ ರೆಕ್ಕೆ ನೋಡಿದೆ, ಮೂರು ಗರಿ ಸೆಟೆದು ಹೋಗಿದೆ." ಚೂಟಿ ಗೊತ್ತಿಲ್ಲ ಅಂದಳು. ಮುದುಕ ಬಿಡಿಸಿ ಹೇಳಿದ. ಯಾರೂ ತನ್ನದೆನ್ನದ ತಪ್ಪು ಬಿದ್ದಿರುವ ಸೂರಿನಡಿ ಕಿನ್ನರರಿಗೆ ತುತ್ತು ಇಳಿಯುವುದಿಲ್ಲ, ಗಂಟಲಲ್ಲೇ ನಿಲ್ಲುತ್ತದೆ. ಹಸಿದಿರಲಾಗದೆ ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡಷ್ಟೂ ಗರಿ ಸೆಟೆಯುತ್ತದೆ, ಕಲ್ಲಿನಂತೆ ಭಾರವಾಗುತ್ತದೆ. "ಮತ್ತೆ ಇಳಿಯೋದು ಹೇಗೆ?" "ಮಾಡಿದವರು, ಜೊತೆಗೆ ಉಣ್ಣೋರ ಎದುರಿಗೆ, ನಂದು ಅನ್ಬೇಕು. ನೆಪ ಸೇರಿಸಬಾರದು. ನೆಪ ಸೇರಿಸಿದ್ರೆ ಗರಿ ಅಲ್ಲಾಡೋದೂ ಇಲ್ಲ." ಅವನು ಎದ್ದು ಹೋಗುವಾಗ, "ನೀನು ಒಳ್ಳೇ ಹುಡುಗಿ ತರ ಕಾಣ್ತೀಯ, ಸ್ವಲ್ಪ ನೋಡ್ಕೋ" ಅಂದ. ಆವತ್ತಿನಿಂದ ಚೂಟಿ ನೋಡಿಕೊಂಡಳು. ಹಿತ್ತಾಳೆಯ ತೋಳು ಸಂಜೆಯ ಹೊತ್ತಿಗೆ ನಿಧಾನವಾಗುವುದನ್ನು ನೋಡಿದಳು, ಬೆನ್ನು ಬಗ್ಗುವುದನ್ನು ನೋಡಿದಳು. ಕಿಟಕಿಯ ಕುರ್ಚಿಯನ್ನೂ ನೋಡಿದಳು.

ಆಮೇಲಿನದು ಇದಕ್ಕಿಂತ ನಾಚಿಕೆಗೇಡು. ಮುದುಕ ಬಂದು ತಿಂಗಳಾಗುವಷ್ಟರಲ್ಲಿ ಒಂದು ನಾಟಕ ಕಂಪನಿಯ ಪರದೆ ಬಂತು, ಮೇಲಿನಿಂದ ಕೆಳತನಕ ಸೀಳಿದ್ದು. ಅತ್ತೆ ಇಬ್ಬರನ್ನೂ ಎರಡು ತುದಿಯಲ್ಲಿ ಕೂರಿಸಿ ನಡುವಿನ ಕಡೆಗೆ ರಫೂ ಮಾಡಿಕೊಂಡು ಬನ್ನಿ ಎಂದಳು. ಎಂಟು ದಿನ ಇಬ್ಬರೂ ಹಾವು ಮುಂಗುಸಿಯಂತೆ ಮಾತಿಲ್ಲದೆ ಹೊಲಿದರು, ಯಾರು ಮುಂದೆ ಎಂದು ಕಣ್ಣಲ್ಲೇ ಅಳೆದುಕೊಂಡರು. ಒಂಬತ್ತನೆಯ ದಿನ ನಡುವಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿತು. ಉಳಿದಿದ್ದ ಒಂದೇ ಎಳೆಯನ್ನು ಇಬ್ಬರೂ ಹಿಡಿದರು, ಇಬ್ಬರೂ ಎಳೆದರು, ಅದು ಪಟ್ಟೆಂದು ತುಂಡಾಗಿ ಇಬ್ಬರೂ ಹಿಂದಕ್ಕೆ ಮಗುಚಿಕೊಂಡರು. ಮೊದಲು ನಕ್ಕವಳು ಹಿತ್ತಾಳೆ. ರೆಕ್ಕೆಯವರು ನಕ್ಕರೆ ರೆಕ್ಕೆಯೂ ಅಲುಗುತ್ತದೆ ಎಂದು ಚೂಟಿಗೆ ಆವತ್ತು ಗೊತ್ತಾಯಿತು. ಅಲ್ಲಿಂದ ಒಟ್ಟಿಗೆ ಊಟ, ಒಟ್ಟಿಗೆ ಮನೆಗೆ, ಬಸ್ಸಿನ ಮೂಲೆಯಲ್ಲಿ ಒಬ್ಬರಿಗೊಬ್ಬರು ಆತುಕೊಂಡು. ಹೊಳೆಯ ಮೇಲೆ ಹಾರುವಾಗ ಕೆಳಗಿನ ಸದ್ದು ಹೊಟ್ಟೆಯೊಳಗೆ ಕೇಳುತ್ತದೆ ಎಂದು ಹಿತ್ತಾಳೆ ಹೇಳಿದ್ದಳು. ಆಚೆ ಅಜ್ಜಿಯೊಬ್ಬಳಿದ್ದಾಳೆ, ಕಣ್ಣು ಮಂಜಾಗುತ್ತಿದೆ, ಈ ಸಲ ಹೋದರೆ ಮುಖ ನೋಡಿಯಾಳು ಎಂದೂ ಹೇಳಿದ್ದಳು. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಚೂಟಿ ಎರಡು ಪೊಟ್ಟಣಗಳ ಚೀಟಿ ಅದಲುಬದಲು ಮಾಡಿ ಸುಮ್ಮನಿದ್ದಳು. ಪ್ರೀತಿ ಬಂದ ಮೇಲೆ ತಪ್ಪು ತಾನಾಗಿ ನಿಲ್ಲುತ್ತದೆ ಎಂದು ಅವಳು ನಂಬಿದ್ದಳು. ಅದು ನಿಲ್ಲಲಿಲ್ಲ. ಇನ್ನೂ ಸಲೀಸಾಯಿತು.

ಚೂಟಿ ಅಂಗಡಿ ತಲುಪಿದಾಗ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗದ ಪಕ್ಕ ಹಿತ್ತಾಳೆ ರೆಕ್ಕೆ ಬಿಚ್ಚಿಕೊಂಡು ನಿಂತಿದ್ದಳು. ಚೂಟಿ ಬಾಗಿಲ ಮರೆಯಲ್ಲೇ ನಿಂತು ನೋಡಿದಳು. ಹಿತ್ತಾಳೆ ರೆಕ್ಕೆ ಬಡಿದಳು, ಕಾಲು ನೆಲ ಬಿಟ್ಟಿತು, ಎಡಕ್ಕೆ ವಾಲಿ ಹಗ್ಗ ಹಿಡಿದುಕೊಂಡಳು. ಬೂದಿ ಬಣ್ಣಕ್ಕೆ ತಿರುಗಿದ ಗರಿಗಳು ಒಂಬತ್ತು. ಚೂಟಿಯ ಲೆಕ್ಕಕ್ಕೆ ಏಳು ಸಿಗುತ್ತಿತ್ತು. ಎಂಟನೆಯದು ಯಾವುದೆಂದೂ ಗೊತ್ತಿತ್ತು, ಅದರ ಮೇಲೆ ಮನಸ್ಸನ್ನು ನಿಲ್ಲಗೊಡಲಿಲ್ಲ. ಒಂಬತ್ತನೆಯದು ಯಾರದೋ. "ಅಯ್ಯೋ, ನೋಡ್ಬಿಟ್ಯಾ?" ಹಿತ್ತಾಳೆ ನಕ್ಕಳು, ರೆಕ್ಕೆ ಮಾತ್ರ ಅಲುಗಲಿಲ್ಲ. "ಮಧ್ಯಾಹ್ನ ಗಾಳಿ ತಿರುಗತ್ತೆ. ನಾ ಹೋಗಲ್ಲ ಬಿಡು ಈ ಸಲ."

"ಅಜ್ಜಿ?"

"ಅಜ್ಜಿ ಏನು, ಮುಂದಿನ ವರ್ಷ ಮುಟ್ಟಿ ನೋಡ್ತಾಳೆ."

"ನಿನ್ನೆದು ನಿಂದಲ್ಲ. ಯಾಕೆ ನಂದು ಅಂದೆ?"

"ಹಸಿವಾಗಿತ್ತು ಕಣೇ." ಹಿತ್ತಾಳೆ ಹಗ್ಗದ ಮೇಲಿನ ಬಟ್ಟೆಯೊಂದನ್ನು ಸರಿಮಾಡಿದಳು. "ನಿನ್ನ ಮೇಲಿನ ಪ್ರೀತಿಗೆ ಅಂದ್ಕೊಂಡ್ಯಾ? ಮೊದಮೊದಲು ನಿನ್ನ ಕಂಡ್ರೆ ನಂಗೆ ಮೈಯೆಲ್ಲ ಉರೀತಿತ್ತು. ಆದ್ರೂ ಊಟ ಮಾಡ್ಬೇಕಲ್ಲ. ನಮ್ಮ ಕಡೆ ಅದೊಂದು ಕಾಟ, ನಿಮ್ಗೆಲ್ಲ ಗೊತ್ತಾಗಲ್ಲ ಬಿಡು. ಗೊತ್ತಿದ್ದು ಮಾಡ್ತಾರಾ ಯಾರಾದ್ರೂ?"

ಗೊತ್ತಿದ್ದು ಮಾಡ್ತಾರಾ ಯಾರಾದ್ರೂ. ಚೂಟಿ ಒಳಗೆ ಹೋಗಿ ತನ್ನ ಚಾಪೆಯ ಮೇಲೆ ಕೂತಳು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿದಳು. ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಅತ್ತೆ ಒಂದು ಕೋಟಿನ ಒಳಅಂಚು ಬಿಡಿಸುತ್ತಿದ್ದಳು, ಅದು ಮುಗಿಯಲಿ ಅಂದುಕೊಂಡಳು. ಅದು ಮುಗಿಯಿತು. ಒಬ್ಬ ಗಿರಾಕಿ ಬಂದ, ಅವನು ಹೋಗಲಿ. ಅವನೂ ಹೋದ. ಹೇಳಿದರೆ ಕುರ್ಚಿ ಹೋಗುತ್ತದೆ, ಅಮ್ಮ ಬೀದಿಯಲ್ಲಿ ತಲೆಯೆತ್ತುವುದಿಲ್ಲ, ಅಪ್ಪ ಅತ್ತೆಯ ಮನೆಗೆ ಹೋಗುವುದು ನಿಲ್ಲಿಸುತ್ತಾನೆ, ಹೀಗೆ ಒಂದರ ಮೇಲೊಂದು ಯೋಚನೆ ಪೇರಿಸಿಕೊಂಡು ಹೋದಳು. ಹೇಳದಿದ್ದರೆ ಹಿತ್ತಾಳೆ ಇಲ್ಲೇ ಇರುತ್ತಾಳೆ, ತನ್ನ ಜೊತೆ. ಇದು ಹೊಳೆದಾಗ ಅವಳಿಗೆ ಒಂದು ಕ್ಷಣ ಸುಖವಾಯಿತು, ಮರುಕ್ಷಣ ಆ ಸುಖ ಕಂಡೇ ಮೈ ಹಿಡಿಯಾಯಿತು.

ಊಟಕ್ಕೆ ಡಬ್ಬಿಗಳನ್ನು ತೆರೆಯುವ ಹೊತ್ತಿಗೆ ಸರಿಯಾಗಿ ನರ್ಸಮ್ಮ ಬಂದರು. ಬೆಳಗಿನ ಪಾಳಿ ಮುಗಿಸಿದ ಕಣ್ಣು, ಕೈಯಲ್ಲಿ ಖಾಲಿ ಚೀಲ. ಅತ್ತೆ ಅವರನ್ನೂ ಕೂರಿಸಿ, "ಒಂದು ತುತ್ತು ತಿನ್ನಿ, ಆಮೇಲೆ ವಿಷಯ ಹೇಳ್ತೀನಿ" ಎಂದು ಶಾಲನ್ನು ತಂದು ಬಿಚ್ಚಿದಳು. ನರ್ಸಮ್ಮ ಕಂದು ಗುರುತನ್ನು ನೋಡಿದರು. ಅದರ ಮೇಲೆ ಕೈಯಿಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. "ನನ್ನಿಂದಾಯ್ತು, ತಪ್ಪಾಯ್ತು" ಅಂದಳು ಹಿತ್ತಾಳೆ, ತುತ್ತು ಕೈಯಲ್ಲಿ ಹಿಡಿದುಕೊಂಡೇ.

"ಅಲ್ಲ," ಅಂದಳು ಚೂಟಿ. ತನ್ನ ಸ್ವರ ತನಗೇ ಕೀರಲಾಗಿ ಕೇಳಿಸಿತು. "ಇಸ್ತ್ರಿ ಮಾಡಿದ್ದು ನಾನು. ಅದು... ಪೆಟ್ಟಿಗೆ ಜಾಸ್ತಿ ಕಾಯತ್ತೆ, ಅದರ ಗುಂಡಿ ಸರಿಯಿಲ್ಲ ಅಂತ ನಾನು ಹೋದ ವಾರಾನೇ ಅತ್ತೆಗೆ ಹೇಳಿದ್ದೆ..."

ಅವಳು ಹಿತ್ತಾಳೆಯ ಬೆನ್ನನ್ನೇ ನೋಡುತ್ತಿದ್ದಳು. ಏನೂ ಅಲ್ಲಾಡಲಿಲ್ಲ. ಮೂವರೂ ಅವಳನ್ನು ನೋಡುತ್ತಿದ್ದರು. ಕಿವಿಯ ತುದಿಯವರೆಗೆ ಬಿಸಿಯೇರಿತು. ನೆಪವಿಲ್ಲದೆ ಒಂದು ವಾಕ್ಯ ಹೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ, ಎಂದೂ ಹೇಳಿರಲಿಲ್ಲವಲ್ಲ.

"ಸುಟ್ಟಿದ್ದು ನಾನು. ಪೆಟ್ಟಿಗೆ ಎತ್ತಬೇಕು ಅಂತ ಗೊತ್ತಿತ್ತು. ಎತ್ತಲಿಲ್ಲ. ಅವಳ ಕೆಲಸ ಅಷ್ಟು ಚೆನ್ನಾಗಿತ್ತು."

ಒಣಗಿದ ಕಾಗದ ಬಿಚ್ಚಿದಂಥ ಸಣ್ಣ ಸದ್ದಾಯಿತು. ಬೂದಿ ಬಣ್ಣದ ಗರಿಯೊಂದು ಸಡಿಲವಾಗಿ ಉಳಿದವುಗಳ ಪಕ್ಕ ಮೆತ್ತಗೆ ಕೂತಿತು. ಹಿತ್ತಾಳೆ ಬೆಚ್ಚಿ ಹಿಂದೆ ಕೈ ಹಾಕಿಕೊಂಡಳು. "ನಂಗೊತ್ತಿತ್ತಮ್ಮ," ಅಂದರು ನರ್ಸಮ್ಮ, ಸಿಟ್ಟೇನೂ ಇಲ್ಲದೆ. "ಆ ಮಗು ಇಸ್ತ್ರಿ ಪೆಟ್ಟಿಗೆ ಮುಟ್ಟೋ ಹಾಗಿದ್ರೆ ತಾನೆ?" ಉಳಿದವರಿಗೂ ಇದು ಗೊತ್ತೆಂದು ಚೂಟಿಗೆ ಹೊಳೆದೇ ಇರಲಿಲ್ಲ. ಪೆಟ್ಟಿಗೆ ಕಬ್ಬಿಣದ್ದು. ನಿನ್ನೆ ಅತ್ತೆ ಇಬ್ಬರನ್ನೂ ನೋಡಿದಾಗ ಎಲ್ಲ ಗೊತ್ತಿದ್ದೇ ನೋಡಿದ್ದಳು. ತಾನು ಬಚಾವಾದೆ ಎಂದುಕೊಂಡು ಬೆತ್ತಲೆಯಾಗಿಯೇ ಇಡೀ ಸಂಜೆ ಅಂಗಡಿಯಲ್ಲಿ ಓಡಾಡಿದ್ದಳು.

"ನನ್ನ ಮುಖ ಏನು ನೋಡ್ತೀಯೇ?" ಅತ್ತೆ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಹೇಳಿದಳು. "ನಿನ್ನೆ ಒಂದೇ ಅಲ್ಲ, ಎರಡು ವರ್ಷದಿಂದ ನೋಡ್ತಾನೇ ಇದೀನಿ. ತಮ್ಮನ ಮಗಳು ಅಂತ ಸುಮ್ನಿದ್ದೆ. ಅದು ನಂದು." ಇನ್ನೊಂದು ಗರಿ ಸಡಿಲವಾಯಿತು. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಚೂಟಿಗೆ ಅದೇ ಮೊದಲು, ಅದಕ್ಕೂ ಕಾರಣ ತಾನೇ.

ಆಮೇಲೆ ಚೂಟಿಯ ಉಳಿದ ತಪ್ಪುಗಳು ಒಂದೊಂದಾಗಿ ಹೊರಬಂದವು. ಕಳೆದುಹೋದ ಮುತ್ತಿನ ಗುಂಡಿಯನ್ನು ಕಸದ ಜೊತೆ ಗುಡಿಸಿದ್ದು. ನೀಲಿ ಬಣ್ಣದ ಶೀಶೆ ಉರುಳಿಸಿ ತಪ್ಪನ್ನು ಗಾಳಿಯ ಮೇಲೆ ಹಾಕಿದ್ದು. ಒಳ್ಳೆಯ ರೇಷ್ಮೆ ನೂಲನ್ನು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಇಲ್ಲವೆಂದದ್ದು. ಚೀಟಿ ಅದಲುಬದಲು ಮಾಡಿದ್ದು. ಹಿತ್ತಾಳೆಯ ಅಳತೆಪಟ್ಟಿಯ ತುದಿ ಕತ್ತರಿಸಿದ್ದು, ಇದನ್ನು ಹೇಳುವಾಗ ಅದೆಷ್ಟು ಚಿಲ್ಲರೆ ಕೆಲಸವೆಂದು ಅವಳಿಗೆ ಸಾಯುವಂತಾಯಿತು. ದೊಡ್ಡ ಪಾಪವಾಗಿದ್ದರೆ ತಲೆಯೆತ್ತಿ ಹೇಳಬಹುದಿತ್ತು. "ಸಾಕು ಬಿಡೇ," ಅಂದಳು ಹಿತ್ತಾಳೆ, ಮುಖ ಕೆಂಪಾಗಿ. "ಇನ್ನೊಂದಿದೆ. ನಿನ್ನ ಹೆಸರು. ಎಲ್ಲರೂ ನಗಲಿ ಅಂತಲೇ ಇಟ್ಟೆ." ಹಿತ್ತಾಳೆ ತಲೆ ತಗ್ಗಿಸಿದಳು. ಗರಿ ಸಡಿಲವಾಯಿತು.

ಹೊರಗೆ ಹಗ್ಗದ ಮೇಲಿನ ಬಟ್ಟೆಗಳು ಒಮ್ಮೆಲೆ ಆಚೆ ದಿಕ್ಕಿಗೆ ಹಾರಿ ನಿಂತವು. ಗಾಳಿ ತಿರುಗಿತ್ತು. ಹಿತ್ತಾಳೆ ಎದ್ದು ರೆಕ್ಕೆ ಅಲುಗಿಸಿದಳು, ಇಡೀ ಅಂಗಡಿಯ ನೂಲಿನ ತುಣುಕುಗಳು ಮೇಲೆದ್ದವು. ಚಿಕ್ಕ ಮಗುವಿನಂತೆ ನಕ್ಕಳು. ಎಡರೆಕ್ಕೆಯ ನಟ್ಟನಡುವೆ ಒಂದು ಗರಿ ಮಾತ್ರ ಇನ್ನೂ ಸೆಟೆದೇ ಇತ್ತು. "ಇದೊಂದು ಏನು ಅಂತ ನಂಗೂ ಗೊತ್ತಿಲ್ಲ ಕಣೇ. ನಾಲ್ಕು ತಿಂಗಳಾಯ್ತು, ಏನೋ ಬಿದ್ದಿತ್ತು, ತುತ್ತು ಇಳೀತಾನೇ ಇರಲಿಲ್ಲ. ಏನು ಅಂತ ನೋಡದೇ ಎತ್ಕೊಂಡೆ. ಹೋಗಲಿ, ಒಂದೇ ತಾನೆ. ಹೊಳೆ ನಡುವೆ ಸ್ವಲ್ಪ ವಾಲತ್ತೆ, ಹೆಂಗೋ ದಾಟ್ತೀನಿ."

ಬೆಳಿಗ್ಗೆ ಹಗ್ಗ ಹಿಡಿದುಕೊಂಡಿದ್ದಳು. ಹೊಳೆಯ ನಡುವೆ ಹಗ್ಗವಿಲ್ಲ. ಸುಮ್ಮನಿದ್ದರೆ ಹಿತ್ತಾಳೆ ತನ್ನನ್ನು ಒಪ್ಪಿಕೊಂಡೇ ಹೋಗುತ್ತಾಳೆ, ಬಹುಶಃ ತಬ್ಬಿಕೊಂಡು ಹೋಗುತ್ತಾಳೆ. ಎಲ್ಲ ಹೇಳಿದವಳು ಎಂಬ ಹೆಸರು ಆಗಲೇ ಬಂದಿದೆ. ಅತ್ತೆ, ನರ್ಸಮ್ಮ ಇಬ್ಬರೂ ಅವಳನ್ನು ಒಂದು ಬಗೆಯ ಮರ್ಯಾದೆಯಿಂದ ನೋಡುತ್ತಿದ್ದರು. ಆ ಮರ್ಯಾದೆ ಬೆಚ್ಚಗಿತ್ತು.

"ಅದೂ ನಂದೇ," ಅಂದಳು ಚೂಟಿ. "ನಂಗೆ ಗೊತ್ತಿತ್ತು. ನೂಲಿನ ಅಜ್ಜ ಹೇಳಿದ್ರು, ನಾಲ್ಕು ತಿಂಗಳ ಹಿಂದೆ. ನೀನು ಎತ್ಕೊಳ್ತೀಯ, ಗರಿ ಸೆಟೆಯತ್ತೆ, ಎಲ್ಲ. ಗೊತ್ತಿದ್ದೇ ಬಿಟ್ಟೆ. ನಿನ್ನ ಕೈ ನಿಧಾನವಾಗಲಿ ಅಂತ."

ಗರಿ ಸಡಿಲವಾಯಿತು. ಹಿತ್ತಾಳೆ ಅದನ್ನು ಗಮನಿಸಲೇ ಇಲ್ಲ. "ಪರದೆ ಹೊಲೀತಾ ಬಿದ್ದು ನಕ್ವಲ್ಲ," ಅಂದಳು. "ಆವತ್ತೂ ಗೊತ್ತಿತ್ತಾ?"

"ಗೊತ್ತಿತ್ತು."

"ಅಜ್ಜಿ ವಿಷಯ ಹೇಳ್ದಾಗ?"

"ಆವಾಗಲೂ."

ಹಿತ್ತಾಳೆ ತನ್ನ ಡಬ್ಬಿಯ ಮುಚ್ಚಳ ಹಾಕಿದಳು, ಒತ್ತಿದಳು. ಅತ್ತೆಗೆ, ನರ್ಸಮ್ಮನಿಗೆ ಬರುತ್ತೇನೆ ಎಂದು ತಲೆಯಾಡಿಸಿದಳು. ಚೂಟಿಯ ಪಕ್ಕದಲ್ಲೇ ಹಾದು ಹೋಗುವಾಗ ರೆಕ್ಕೆ ತಗುಲದಂತೆ ಮಡಚಿಕೊಂಡಳು, ಬಸ್ಸಿನಲ್ಲಿ ಗುರುತಿಲ್ಲದವರ ನಡುವೆ ಮಡಚಿಕೊಳ್ಳುವಂತೆಯೇ. ಹಿತ್ತಲಿನಲ್ಲಿ ಎರಡು ಸಲ ಬಡಿದ ಸದ್ದು ಕೇಳಿಸಿತು. ಚೂಟಿ ಓಡಿ ಹೋಗುವಷ್ಟರಲ್ಲಿ ಅವಳು ಮಾಳಿಗೆಗಳ ಮೇಲೆ, ವಾಲದೆ, ನೆಟ್ಟಗೆ ಹೋಗುತ್ತಿದ್ದಳು.

ಕುರ್ಚಿಯ ಮಾತನ್ನು ಅತ್ತೆ ಎತ್ತಲಿಲ್ಲ. ಮರುದಿನದಿಂದ ಚೂಟಿ ತನ್ನ ಚಾಪೆಯ ಮೇಲೆಯೇ ಕೂತು, ಮಬ್ಬು ಬೆಳಕಿನಲ್ಲಿ, ಶಾಲಿನ ಸುಟ್ಟ ಭಾಗವನ್ನು ಕತ್ತರಿಸಿ ಅದರ ಅಂಚಿನಿಂದಲೇ ಎಳೆ ಬಿಡಿಸಿಕೊಂಡು ತುಂಬತೊಡಗಿದಳು. ಖಾಲಿ ಕುರ್ಚಿಯ ಮೇಲೆ ಬಿಸಿಲು ಬಂದು ಕೂರುತ್ತಿತ್ತು, ಹೋಗುತ್ತಿತ್ತು. ಅಮ್ಮ ಮನೆಯಲ್ಲಿ ಮೂರು ದಿನ ಮಾತು ಬಿಟ್ಟಳು, ನಾಲ್ಕನೆಯ ದಿನ ಬೈದಳು, ಐದನೆಯ ದಿನ ಎಂದಿನಂತೆ ಡಬ್ಬಿ ಕೊಟ್ಟಳು. ಹನ್ನೊಂದನೆಯ ದಿನ ಶಾಲು ಮುಗಿಯಿತು. ಅತ್ತೆ ಕಣ್ಣು ಮುಚ್ಚಿ ಬೆರಳಾಡಿಸಿದಳು. "ನಿಲ್ತು ಅಲ್ವಾ?" ಅಂದಳು ಚೂಟಿ. "ನಿಲ್ತು," ಅಂದಳು ಅತ್ತೆ. ನರ್ಸಮ್ಮ ಅದನ್ನು ಹೊದ್ದುಕೊಂಡು ನೋಡಿ, "ಇರಲಿ ಬಿಡಮ್ಮ, ಬೆಚ್ಚಗಂತೂ ಇದೆ" ಎಂದು ಹೋದರು.

ಹನ್ನೆರಡನೆಯ ದಿನ ಹಗ್ಗದ ಮೇಲಿನ ಬಟ್ಟೆಗಳು ಈಚೆಗೆ ತಿರುಗಿದವು. ಚೂಟಿ ಆ ಕಡೆ ನೋಡಲಿಲ್ಲ, ನೋಡದಿರುವುದೇ ಒಂದು ಕೆಲಸವಾಗಿತ್ತು. ಬೆಳಗಿನ ಅರ್ಧ ಹೊತ್ತು ಹೋಯಿತು. ಊಟಕ್ಕೆ ಕೂತು ಡಬ್ಬಿ ತೆರೆದಾಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಹೊಸಿಲಿನಾಚೆ ಹಿತ್ತಾಳೆ ನಿಂತಿದ್ದಳು, ಧೂಳು ಮೆತ್ತಿದ ರೆಕ್ಕೆ, ಕಂಕುಳಲ್ಲಿ ಒಂದು ಗಂಟು. ಒಳಗೆ ಕಾಲಿಡಲಿಲ್ಲ. ಚೂಟಿಯನ್ನು ನೋಡಿ ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಒಳಗೆ ಏನಾದ್ರೂ ಬಿದ್ದಿದೆಯೇನೇ?" ಅಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾನು. ಇದ್ರೆ ಈಗಲೇ ಹೇಳು, ಬೇರೆ ಕಡೆ ಹೋಗ್ತೀನಿ."

ಚೂಟಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಹಾಕಿದಳು. "ಒಂದು ನಿಮಿಷ ಅಲ್ಲೇ ಇರು," ಎಂದು ಅತ್ತೆಯ ಕಡೆಗೆ ತಿರುಗಿದಳು.

"ಅತ್ತೆ, ಬೆಳಿಗ್ಗೆ ಬಿಳಿ ನೂಲಿನ ಉಂಡೆ ಬಚ್ಚಲಿಗೆ ಬೀಳಿಸಿದ್ದು ಬೆಕ್ಕಲ್ಲ. ನಾನು."